ಬಂಡೆಪಾಳ್ಯದ ಹೆಸರುಗಲ್ಲು

ಬಂಡೆಪಾಳ್ಯದ ಮುನಿರಾಮಪ್ಪನ ಹೆದರಿಕೆಗಳನ್ನೆಲ್ಲ ಹೇಳುತ್ತಾ ಕೂತರೆ ಕಥೆ ಶುರುವಾಗುವುದೇ ಇಲ್ಲ. ಮುಖ್ಯವಾದವನ್ನು ಮಾತ್ರ ಹೇಳಿ ಮುಂದಕ್ಕೆ ಹೋಗುತ್ತೇನೆ. ಅವನಿಗೆ ಹಲ್ಲಿ ಅಂದರೆ ಹೆದರಿಕೆ, ಕೋರ್ಟಿನಿಂದ ಜಪ್ತಿಗೆ ಬರುವ ಅಮೀನ ಅಂದರೆ ಹೆದರಿಕೆ, ಟೇಕಲ್ ಸ್ಟೇಷನ್ನಿನಲ್ಲಿ ನಿಲ್ಲದೆ ನುಗ್ಗುವ ಮೇಲ್ ರೈಲು ಅಂದರೆ ಹೆದರಿಕೆ. ಹೆಂಡತಿ ಆದಿಲಕ್ಷ್ಮಮ್ಮ ಮಾತಾಡಿದರೆ ಹೆದರಿಕೆ, ಮಾತಾಡದೆ ಸುಮ್ಮನಿದ್ದರೆ ಇನ್ನೂ ಹೆದರಿಕೆ. ಊರಾಚೆ ಮಣ್ಣು ಮಾಡುವ ತೋಪಿನ ಪಕ್ಕದಲ್ಲೇ ಅವನ ಹಿಪ್ಪುನೇರಳೆ ತೋಟ. ರೇಷ್ಮೆ ಹುಳುಗಳಿಗೆ ಸೊಪ್ಪು ತರಲು ದಿನಾ ಆ ದಾರಿಯಲ್ಲೇ ಹೋಗುತ್ತಿದ್ದರೂ, ತೋಪು ಬಂದ ತಕ್ಷಣ ಕತ್ತು ಇನ್ನೊಂದು ಕಡೆ ತಿರುಗಿಸಿಕೊಂಡು ದೇವರ ನಾಮ ಹೇಳುತ್ತಾ ಓಡಿಬಿಡುತ್ತಿದ್ದ. ನಲವತ್ತೈದು ವರ್ಷದ ಗಂಡಸು ಹುಟ್ಟಿದೂರಿನ ತೋಪನ್ನು ಒಂದು ಸಲವೂ ಕಣ್ಣೆತ್ತಿ ನೋಡಿರಲಿಲ್ಲ ಅಂದರೆ ನೀವು ನಂಬಬೇಕು.

ಇಂಥವನು ಮಂಡಲ ಪಂಚಾಯ್ತಿ ಮೆಂಬರಾದದ್ದೂ ಹೆದರಿಕೆಯ ದೆಸೆಯಿಂದಲೇ. ಎಂಬತ್ತೇಳನೇ ಇಸವಿಯಲ್ಲಿ ಮಂಡಲಗಳು ಹೊಸದಾಗಿ ಬಂದಾಗ ಮೇಲಿನ ಬೀದಿಯವರು, ಕೆಳಗಿನ ಬೀದಿಯವರು ಕುಸ್ತಿಗೆ ನಿಂತರು. ಯಾರು ಗೆದ್ದರೂ ಇನ್ನೊಬ್ಬರು ತಲೆ ಎತ್ತುವ ಹಾಗಿಲ್ಲ. ಕೊನೆಗೆ ಇಬ್ಬರಿಗೂ ಒಂದೇ ಸಮನಾಗಿ ಹೆದರುವವನು ಯಾರು ಎಂದು ಹುಡುಕಿದರು. ಮುನಿರಾಮಪ್ಪ ಅವಿರೋಧವಾಗಿ ಗೆದ್ದು, ಹೂವಿನ ಹಾರ ಹಾಕಿಸಿಕೊಂಡು ನಡುಗುತ್ತಾ ನಿಂತ.

ಅವನ ಹೆದರಿಕೆಗಳಲ್ಲಿ ಒಂದು ಮಾತ್ರ ನಗುವಂಥದ್ದಲ್ಲ. ಅವನ ತಾಯಿ ಚಿಕ್ಕಗಂಗಮ್ಮನಿಗೆ ಉಬ್ಬಸ. ಚಳಿ ಬಿತ್ತೆಂದರೆ ಆ ಮುದುಕಿ ನಡುಮನೆಯ ಕಂಬ ಹಿಡಿದುಕೊಂಡು ಕೂತು, ಗುಯ್ಯ್ ಗುಯ್ಯ್ ಎಂದು ಉಸಿರು ಎಳೆಯುತ್ತಿದ್ದಳು. ಆಗ ಗಾಡಿ ಕಟ್ಟಿ, ಹುಲ್ಲು ಹಾಸಿ, ಮಾಲೂರಿನ ಆಸ್ಪತ್ರೆಗೆ ಹೊರಡಬೇಕು. ದಾರಿಯುದ್ದಕ್ಕೂ ಮುನಿರಾಮಪ್ಪ ಎತ್ತುಗಳ ಕಡೆ ನೋಡುತ್ತಿರಲಿಲ್ಲ, ಹಿಂದಕ್ಕೆ ತಿರುಗಿ ಅವ್ವನ ಎದೆ ಏಳುತ್ತಾ ಇದೆಯೋ ಇಲ್ಲವೋ ಎಂದೇ ನೋಡುತ್ತಿದ್ದ. ಮುಂದಿನ ಚಳಿಗಾಲಕ್ಕೆ ಈ ಗಾಡಿ ಮಾಲೂರು ಮುಟ್ಟುವುದಿಲ್ಲ ಎಂದು ಅವನ ಜೀವಕ್ಕೆ ಗೊತ್ತಾಗಿಹೋಗಿತ್ತು.

ಹೀಗಿರುವಾಗ ಒಂದು ದಿನ ಮಂಡಲದ ಮೀಟಿಂಗಿನಲ್ಲಿ ಪ್ರಧಾನ ಅಶ್ವತ್ಥಪ್ಪನವರು ಗಂಟಲು ಸರಿಮಾಡಿಕೊಂಡು, "ಜಿಲ್ಲಾ ಪರಿಷತ್ತಿಂದ ಆರ್ಡರ್ ಬಂದೈತೆ. ಹಳ್ಳಿಗಾಡಿನ ವಯಸ್ಸಾದೋರ ಆರೋಗ್ಯಕ್ಕೆ ಮಂಡಲದೋರೇ ಪ್ಲಾನ್ ಮಾಡ್ಬೇಕಂತೆ. ಮಾಡಿ" ಎಂದರು.

ಪ್ಲಾನ್ ಶುರುವಾಯಿತು. ಒಬ್ಬ ಮೆಂಬರು ತನ್ನ ಪಂಪ್‌ಸೆಟ್ಟಿನವರೆಗೆ ರಸ್ತೆ ಹಾಕಿದರೆ ಮುದುಕರು ಗಾಳಿಗೆ ಓಡಾಡಬಹುದು ಎಂದ. ಇನ್ನೊಬ್ಬ ತನ್ನ ಮನೆ ಮುಂದೆ ಬೋರ್‌ವೆಲ್ ಕೊರೆಸಿದರೆ ಮುದುಕರಿಗೆ ಒಳ್ಳೆ ನೀರು ಸಿಗುತ್ತದೆ ಎಂದ. ವಯಸ್ಸಾದವರು ಅಂದರೆ ಯಾರು ಎಂಬ ಪ್ರಶ್ನೆ ಬಂತು. ಯಾರಿಗೂ ಯಾರ ವಯಸ್ಸೂ ಗೊತ್ತಿಲ್ಲ. ಇನ್‌ಫ್ಲುಯೆಂಜಾ ಜ್ವರ ಬಂದ ವರ್ಷ ತೊಟ್ಟಿಲಲ್ಲಿದ್ದವರು, ಅದಕ್ಕೂ ಮೊದಲು ಹುಟ್ಟಿದವರೆಲ್ಲ ವಯಸ್ಸಾದವರು ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಮೂಲೆಯಲ್ಲಿ ಒಂದು ಕೈ ಮೇಲೆದ್ದಿತು.

"ಏನ್ರೀ ಮುನಿರಾಮಪ್ಪ, ಆಚೆಗೆ ಹೋಗ್ಬೇಕಾ? ಹೋಗ್ಬನ್ನಿ" ಎಂದರು ಪ್ರಧಾನರು.

"ಅಲ್ಲ ಸ್ವಾಮಿ... ನಮ್ಮೂರ ಚಾವಡಿ ಖಾಲಿ ಬಿದ್ದೈತೆ. ವಾರಕ್ಕೊಂದು ದಿನ ಡಾಕ್ಟ್ರು ಅಲ್ಲಿಗೇ ಬಂದು ಕೂತ್ರೆ... ಉಬ್ಬಸ ಗಿಬ್ಬಸ ಇರೋರಿಗೆ..."

ಅಷ್ಟು ಹೇಳಿ ಅವನು ಕುಸಿದು ಕೂತ. ಇಡೀ ಮೀಟಿಂಗಿನಲ್ಲಿ ಅರ್ಥವಿದ್ದ ಮಾತು ಅದೊಂದೇ ಆದ್ದರಿಂದ ಬೇರೆ ದಾರಿಯಿಲ್ಲದೆ ಪಾಸಾಯಿತು. ಆದರೆ ಪ್ರಧಾನರು ಒಂದು ಕೊಕ್ಕೆ ಇಟ್ಟರು. "ಓಪನಿಂಗ್ ದಿನ ನಿಮ್ಮೂರ ವಯಸ್ಸಾದೋರೆಲ್ಲ ಬಂದು ತೋರಿಸ್ಕೋಬೇಕು. ಬರಲಿಲ್ವಾ, ಡಾಕ್ಟ್ರು ಪಕ್ಕದ ಕುಂಟೆಪಲ್ಲಿಗೆ ಹೋಗ್ತಾರೆ. ಆಮೇಲೆ ನನ್ನ ಅನ್ಬೇಡಿ. ಹಾಂ, ಓಪನಿಂಗಿಗೆ ಒಂದು ಕಲ್ಲು ಮಾಡಿಸ್ರೀ, ಹೆಸರುಗಿಸರು ಹಾಕ್ಸಿ."

ಕೇಡು ಬಂದದ್ದು ಈ ಕಲ್ಲಿನಿಂದ. ಮುನಿರಾಮಪ್ಪ ಪಾಪದವನು ನಿಜ, ಆದರೆ ಪಾಪದವನಿಗೆ ಕಲ್ಲಿನ ಮೇಲೆ ತನ್ನ ಹೆಸರು ನೋಡುವ ಆಸೆ ಇರಬಾರದು ಅಂತ ಯಾವ ಕಾನೂನಿದೆ? ಅವನೊಬ್ಬನ ಹೆಸರೇ ಹಾಕಿಸಿದರೆ ಎರಡು ಬೀದಿಯವರೂ ಸೇರಿ ಚಚ್ಚುತ್ತಾರೆ. ಯೋಚನೆ ಮಾಡಿ ಮಾಡಿ ಒಂದು ಉಪಾಯ ಕಂಡುಕೊಂಡ. ಊರಿನ ವಯಸ್ಸಾದವರ ಹೆಸರುಗಳನ್ನೆಲ್ಲ ಸಾಲಾಗಿ ಕೆತ್ತಿಸಿ, ಕೊಟ್ಟಕೊನೆಯಲ್ಲಿ ಚಿಕ್ಕದಾಗಿ ತನ್ನದನ್ನು ತೂರಿಸಿಬಿಡುವುದು. ಮುದುಕರಿಗೂ ಖುಷಿ, ಬೀದಿಯವರಿಗೂ ಖುಷಿ.

ಶಿವಾರಪಟ್ಟಣದ ಆಚಾರಿಗಳ ಬೀದಿಯಲ್ಲಿ ಅರ್ಧ ಕೆತ್ತಿದ ದೇವರುಗಳು ಕಣ್ಣಿಲ್ಲದೆ ನಿಂತಿದ್ದವು. ಮುನಿರಾಮಪ್ಪ ಅವುಗಳ ಮುಖ ನೋಡದೆ, ನೆಲ ನೋಡುತ್ತಲೇ ಒಬ್ಬ ವಯಸ್ಸಾದ ಆಚಾರಿಯ ಮುಂದೆ ಕೂತ.

"ಯಾರ ಹೆಸರು ಕೆತ್ಬೇಕು?" ಆಚಾರಿ ಉಳಿ ಕೆಳಗಿಟ್ಟು ಕೇಳಿದ.

"ನಮ್ಮೂರ ಮುದುಕರು, ಮುದುಕೀರು. ಒಬ್ಬರನ್ನೂ ಬಿಡಂಗಿಲ್ಲ." ಮುನಿರಾಮಪ್ಪ ಬಾಯಲ್ಲೇ ಹೆಸರುಗಳನ್ನು ಒಪ್ಪಿಸಿದ. ಆಚಾರಿಯ ಮುಖ ಹೆಸರು ಹೆಸರಿಗೂ ಸಪ್ಪಗಾಗುತ್ತಾ ಹೋಯಿತು.

"ಪಾಪ! ಇಷ್ಟೂ ಜನ ಒಟ್ಟಿಗೇನಾ?"

"ಒಟ್ಟಿಗೇ. ಒಂದೇ ಮೀಟಿಂಗಲ್ಲಿ ಆಗೋಯ್ತು."

ಆಚಾರಿ ಲೊಚಗುಟ್ಟಿದ. "ಮೇಲ್ಗಡೆ ಸೂರ್ಯ ಚಂದ್ರ ಇಡ್ಲಾ? ನಿಮ್ಮ ಕಡೆ ಎಲ್ಲಾರೂ ಇಡಿಸ್ತಾರೆ."

"ಎಲ್ಲಾರೂ ಇಡಿಸ್ತಾರೆ ಅಂದ್ರೆ ಇಡಿ. ನಮಗ್ಯಾಕೆ ಕಮ್ಮಿ?" ಮುನಿರಾಮಪ್ಪ ಎದ್ದು ನಿಂತು, ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, "ಕೊನೇಲಿ ನನ್ನ ಹೆಸರೂ ಒಂದು ಹಾಕ್ಬಿಡಿ" ಎಂದ.

ಆಚಾರಿ ಅವನನ್ನು ಅಡಿಯಿಂದ ಮುಡಿಯವರೆಗೂ ನೋಡಿದ. "ನಿಮ್ದೂನಾ?"

"ಚಿಕ್ಕದಾಗಿ" ಎಂದ ಮುನಿರಾಮಪ್ಪ ನಾಚಿಕೊಂಡು. ಆಚಾರಿ ಅವನಿಗೆ ಕುಡಿಯಲು ಮಜ್ಜಿಗೆ ಕೊಡಿಸಿ ಕಳಿಸಿದ.

ಕಲ್ಲು ಬಂದಿಳಿದ ದಿನ ಊರೆಲ್ಲ ಚಾವಡಿ ಮುಂದೆ. ಟಪಾಲು ಹಂಚುವ ಶ್ರೀನಿವಾಸಪ್ಪ ಗಟ್ಟಿಯಾಗಿ ಓದತೊಡಗಿದ. ಮೊದಲ ಹೆಸರು ಕದಿರಪ್ಪನದು. ಊರಿಗೆಲ್ಲ ಹಿರಿಯ, ಕಣ್ಣಿಗೆ ಪೊರೆ ಬಂದಿದ್ದರೂ ಬಾಯಿಗೆ ಏನೂ ಬಂದಿರದ ಮುದುಕ. ತನ್ನದೇ ಮೊದಲು ಎಂದು ಕೇಳಿ ಅವನು ಮೀಸೆ ತಿರುವಿದ. ಎರಡನೆಯದು ಬೈರಮ್ಮನದು, ಆಮೇಲೆ ಚಿಕ್ಕಗಂಗಮ್ಮನದು. ಭಾರತಮ್ಮನ ಹೆಸರು ಇರಲಿಲ್ಲ. ವಯಸ್ಸು ಕೇಳಲು ಹೋದಾಗ "ನಾನಿನ್ನೂ ಮುದುಕಿಯಲ್ಲ ಹೋಗೋ" ಎಂದು ಪೊರಕೆ ತೋರಿಸಿದವಳು ಈಗ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಲೇ ಮುನಿರಾಮ, ಇವರೆಲ್ಲಾ ನಿಂಗೆ ಕಂಡ್ರು, ನಾನು ಕಾಣ್ಲಿಲ್ವೇನೋ? ನನ್ನ ಹೆಸರು ಕೆತ್ತಿದ್ರೆ ಉಳಿ ಮುರಿದೋಗ್ತಿತ್ತಾ?" ಎಂದು ಶುರುಮಾಡಿದಳು.

ಅಷ್ಟರಲ್ಲಿ ಕದಿರಪ್ಪ ತನ್ನ ಹೆಸರನ್ನು ಕೈಯಾರೆ ಮುಟ್ಟಿ ನೋಡಲು ಹತ್ತಿರ ಬಂದ. ಅವನ ಬೆರಳು ಅಕ್ಷರಗಳ ಮೇಲೆ ಹರಿದು, ಮೇಲಕ್ಕೆ ಹತ್ತಿ, ದುಂಡಗಿನ ಸೂರ್ಯನನ್ನು ಮುಟ್ಟಿ, ಪಕ್ಕದ ಚಂದ್ರನನ್ನು ಮುಟ್ಟಿ, ಅಲ್ಲೇ ನಿಂತಿತು. ಮೀಸೆ ಇಳಿಯಿತು.

"ಲೇ ಮುನಿರಾಮ" ಎಂದ ಕದಿರಪ್ಪ ಬಹಳ ಮೆಲ್ಲಗೆ. "ನಾನು ಯಾವಾಗ್ಲಾ ಸತ್ತಿದ್ದು?"

ಆಗ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಮೇಲೆ ಸೂರ್ಯ ಚಂದ್ರ, ಕೆಳಗೆ ಹೆಸರು. ಇಂಥ ಕಲ್ಲುಗಳು ಆ ಊರಿನಲ್ಲಿ ಇರುವುದು ಒಂದೇ ಕಡೆ, ತೋಪಿನಲ್ಲಿ, ಹೂತ ಹೆಣಗಳ ತಲೆಯ ಹತ್ತಿರ. ಇದು ಊರಿನ ಕೂಸಿಗೂ ಗೊತ್ತಿತ್ತು. ಗೊತ್ತಿಲ್ಲದವನು ದಿನಾ ಕತ್ತು ತಿರುಗಿಸಿಕೊಂಡು ಓಡುತ್ತಿದ್ದ ಒಬ್ಬನೇ ಒಬ್ಬ, ಕಲ್ಲು ಮಾಡಿಸಲು ಹೋದವನೂ ಅವನೇ.

ಬೈರಮ್ಮ ಕಿಟಾರನೆ ಕಿರುಚಿದಳು. ಮುದುಕರು ಕೋಲು ಬಿಟ್ಟು ಹಿಂದಕ್ಕೆ ಸರಿದರು. ಭಾರತಮ್ಮ ತಟ್ಟನೆ ದನಿ ಬದಲಾಯಿಸಿ, "ಹೋಗ್ಲಿ ಬಿಡಪ್ಪ ಮುನಿರಾಮ, ನನ್ನ ಹೆಸರಿಗೇನು ಅವಸರ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಮನೆಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ಆದಿಲಕ್ಷ್ಮಮ್ಮ ಮಾತ್ರ ಬಗ್ಗಿ ಕಲ್ಲಿನ ಬುಡವನ್ನೇ ನೋಡುತ್ತಿದ್ದಳು.

"ಶ್ರೀನಿವಾಸಪ್ಪ, ಕೊನೇಲಿ ಅದ್ಯಾರ್ದು ಹೆಸರು?"

ಶ್ರೀನಿವಾಸಪ್ಪ ಓದಿದ. ಆದಿಲಕ್ಷ್ಮಮ್ಮ ಹಣೆಯ ಕುಂಕುಮವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, "ಅಯ್ಯೋ ನನ್ನ ಮನೆ ಹಾಳಾಗೋಯ್ತಲ್ಲಪ್ಪೋ! ಇರೋ ಗಂಡ ತಾನೇ ಹೋಗಿ ಬರೆಸ್ಕೊಂಡು ಬಂದವ್ನಲ್ಲಪ್ಪೋ!" ಎಂದು ನೆಲಕ್ಕೆ ಕೂತಳು. ಮುನಿರಾಮಪ್ಪ ಮೆಲ್ಲಗೆ ತನ್ನ ಎದೆ ಮುಟ್ಟಿ ನೋಡಿಕೊಂಡ. ಬಡಿಯುತ್ತಿತ್ತು, ಬಡಿಯಬೇಕಾದ್ದಕ್ಕಿಂತ ಜೋರಾಗಿಯೇ ಬಡಿಯುತ್ತಿತ್ತು.

ಸಂಜೆಯೊಳಗೆ ಕದಿರಪ್ಪ ಹಾಸಿಗೆ ಹಿಡಿದ. ಕುರಿಗಳನ್ನು ಮಕ್ಕಳಿಗೆ ಹಂಚಿದ, ಕಂಬಳಿ ಅಳಿಯನಿಗೆ ಎಂದು ಹೇಳಿದ. ಸುದ್ದಿ ಹಬ್ಬಿ ಮಾರನೆ ದಿನ ಶ್ರೀನಿವಾಸಪುರದಿಂದ ತಂಗಿಯೂ ಮುಳಬಾಗಿಲಿನಿಂದ ಮಗಳೂ ಬಸ್ಸಿಳಿದು, ಊರ ಬಾಗಿಲಿನಿಂದಲೇ "ಅಯ್ಯೋ ನಾಯ್ನಾ, ಎಳ್ಳಿಪೋತಿವಾ! ನಮ್ಮನ್ನ ಬಿಟ್ಟು ಹೊರಟೋದ್ಯಾ!" ಎಂದು ಎದೆ ಬಡಿದುಕೊಳ್ಳುತ್ತಾ ಬಂದರು. ಒಳಗೆ ಕದಿರಪ್ಪ ಗೋಡೆಗೆ ಒರಗಿ ಮುದ್ದೆ ನುಂಗುತ್ತಿದ್ದ. ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು, "ಯಾಡಿಕೀ ಪೋಲ್ಯಾ, ಈಡ್ನೇ ಉಂಡಾ! ಎಲ್ಲಿಗೂ ಹೋಗಿಲ್ಲ ಕಣ್ರೇ, ಇಲ್ಲೇ ಇದ್ದೀನಿ" ಎಂದ. ಅಳು ಅರ್ಧಕ್ಕೆ ನಿಂತದ್ದಕ್ಕೆ ಅವರಿಗೆ ಸ್ವಲ್ಪ ಬೇಜಾರೇ ಆಯಿತು. ಆದರೂ ಬಂದವರು ವಾಪಸು ಹೋಗಲಿಲ್ಲ, ಕಲ್ಲಿನ ಮೇಲೆ ಹೆಸರು ಬಿದ್ದ ಮೇಲೆ ಇವತ್ತಲ್ಲ ನಾಳೆ ಮತ್ತೆ ಬರಬೇಕಾಗುತ್ತದೆ ಎಂದು ಅಲ್ಲೇ ಉಳಿದರು. ತಲೆಯ ಹತ್ತಿರ ಕೂತು ಕಾಯುವವರನ್ನು ನೋಡಿ ಕದಿರಪ್ಪನಿಗೆ ನಿಜವಾಗಿ ಜ್ವರ ಬಂತು.

ಮುನಿರಾಮಪ್ಪ ಆ ಕಲ್ಲನ್ನು ಏನಾದರೂ ಮಾಡಲು ನೋಡಿದ. ಒಡೆದುಹಾಕೋಣ ಅಂದರೆ, "ನನ್ನ ಹೆಸರಿನ ಮೇಲೆ ಸುತ್ತಿಗೆ ಹೊಡೀತೀಯೇನೋ?" ಎಂದು ಬೈರಮ್ಮ ಅಡ್ಡ ಬಂದಳು. ಗುಂಡಿ ತೋಡಿ ಮುಚ್ಚೋಣ ಅಂದರೆ, ಇಡೀ ಊರಿನ ಹಿರಿಯರನ್ನು ಒಂದೇ ಗುಂಡಿಗೆ ಹಾಕಿದ ಹಾಗಾಗುತ್ತದೆ ಎಂದರು ಊರವರು. ಬಿಳಿ ಪಂಚೆ ಹೊದಿಸಿದ, ನೋಡಿದರೆ ಇನ್ನೂ ಭಯ, ಹೆಣದ ಮೇಲೆ ಹೊದಿಸಿದ ಹಾಗೇ ಕಾಣಿಸಿತು. ಪಂಚೆ ತೆಗೆದು ಅರಿಶಿನ ಕುಂಕುಮ ಇಟ್ಟ, ಈಗ ಸತ್ತವರಿಗೆ ಪೂಜೆ ಮಾಡಿದಂತಾಯಿತು. ಶಿವಾರಪಟ್ಟಣಕ್ಕೆ ಓಡಿಹೋಗಿ ಹೆಸರು ಅಳಿಸಿಕೊಡಿ ಎಂದು ಕಾಲು ಹಿಡಿದರೆ, ಆಚಾರಿಯೇ ಬೆದರಿ ಹಿಂದಕ್ಕೆ ಸರಿದ.

"ಬದುಕಿರೋರ ಹೆಸರು ಕೆತ್ತಿಸಿದ್ದೇ ತಪ್ಪು. ಈಗ ಬದುಕಿರೋರ ಹೆಸರು ಅಳಿಸೂ ಅಂತೀಯಲ್ಲಯ್ಯ, ನಿಂಗೆ ಆ ಮುದುಕರ ಮೇಲೆ ಅದೇನು ಹಗೆ?"

ಮನೆಗೆ ಬಂದರೆ ಅಲ್ಲಿ ಇನ್ನೊಂದು ಕಾದಿತ್ತು. ಚಿಕ್ಕಗಂಗಮ್ಮ ಬೈಯಲಿಲ್ಲ, ಅಳಲಿಲ್ಲ. ಮದುವೆಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಒಗೆದು, ಮಡಿಸಿ, ಮಣ್ಣು ಮಾಡುವಾಗ ಉಡಿಸಲಿ ಎಂದು ದಿಂಬಿನ ಹತ್ತಿರ ಇಟ್ಟುಕೊಂಡಿದ್ದಳು. ಅದನ್ನು ನೋಡಿ ಮುನಿರಾಮಪ್ಪ ಅವಳ ಕಾಲ ಹತ್ತಿರ ಕೂತ.

"ಅವ್ವಾ, ನಾನು ನಿಂಗೆ ಡಾಕ್ಟ್ರು ಬರ್ಲಿ ಅಂತ ಮಾಡಿದ್ದು ಕಣವ್ವಾ. ಓಪನಿಂಗ್ ದಿನ ಒಂದು ಸಲ ಬಂದು ತೋರಿಸ್ಕೊಂಡ್ಬಿಡು. ಚಳಿ ಬೇರೆ ಬರ್ತೈತೆ."

"ಆ ಕಲ್ಲು ದಾಟಿ ನಾನು ಬರಲ್ಲ ಮಗಾ" ಎಂದಳು ಚಿಕ್ಕಗಂಗಮ್ಮ. "ನನ್ನ ಗೋರಿ ಮುಂದೆ ನಾನೇ ಸಾಲಾಗಿ ನಿಂತ್ಕೊಳ್ಲಾ?"

ಓಪನಿಂಗ್ ದಿನ ಬೆಳಿಗ್ಗೆಯೇ ಚಳಿ ಬಿದ್ದಿತ್ತು. ಚಿಕ್ಕಗಂಗಮ್ಮ ಎದ್ದಾಗಿನಿಂದ ಕಂಬ ಹಿಡಿದು ಕೂತಿದ್ದಳು. "ಬಾ ಅವ್ವಾ, ಎತ್ಕೊಂಡು ಹೋಗ್ತೀನಿ" ಎಂದರೆ ಕಂಬವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಅಷ್ಟರಲ್ಲಿ ಜೀಪು ಬಂದ ಸದ್ದು. ಪ್ರಧಾನರಿಗೆ ಆರತಿ ಎತ್ತಲು ಆದಿಲಕ್ಷ್ಮಮ್ಮ ತಟ್ಟೆ ಹಿಡಿದು ಹೊರಟಳು, ಮುನಿರಾಮಪ್ಪ ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಲೇ ಹೋದ.

ಚಾವಡಿಯಲ್ಲಿ ಟೇಪು ಕತ್ತರಿಸಿದ್ದಾಯಿತು. ಲೇಡಿ ಡಾಕ್ಟ್ರು ಮೇಜಿನ ಹಿಂದೆ ಕೂತು ಸ್ಟೆತಾಸ್ಕೋಪು ಕುತ್ತಿಗೆಗೆ ಹಾಕಿಕೊಂಡರು. ಎದುರಿನ ಬೆಂಚು ಖಾಲಿ. ಊರಿನ ಒಬ್ಬ ಮುದುಕನೂ ಇಲ್ಲ, ಒಬ್ಬ ಮುದುಕಿಯೂ ಇಲ್ಲ. ಬೀದಿಯ ಬಾಗಿಲುಗಳೆಲ್ಲ ಹಗಲು ಹೊತ್ತಿನಲ್ಲೇ ಅರ್ಧ ಮುಚ್ಚಿಕೊಂಡಿದ್ದವು.

"ಏನ್ರೀ ಇದು?" ಪ್ರಧಾನರು ಕೆಂಪಗಾದರು. "ನನ್ನ ಮರ್ಯಾದೆ ತೆಗೀಬೇಕು ಅಂತ ಕರೆಸಿದ್ರಾ? ಎಲ್ರೀ ನಿಮ್ಮ ಮುದುಕರು?"

"ಬರ್ತಾರೆ ಸ್ವಾಮಿ..."

"ಯಾವಾಗ? ಜೀಪು ಕುಂಟೆಪಲ್ಲಿಗೆ ಹೋದ್ಮೇಲಾ? ಹೆಸರೆಲ್ಲಾ ಕಲ್ಲಿನ ಮೇಲೆ ಚೆನ್ನಾಗಿ ಕೆತ್ತಿಸಿದ್ದೀರಲ್ಲ, ಅದನ್ನೇ ನೋಡ್ಕೊಂಡು ಒಂದೊಂದಾಗಿ ಕೂಗ್ರಿ! ಬಂದೋರು ಬರ್ಲಿ, ಬಾರದೋರ ಲೆಕ್ಕ ಬರ್ಕೊಂಡು ಹೊರಡ್ತೀವಿ."

ಹೇಳಿದ್ದನ್ನು ಮಾಡದೆ ಇರುವ ಧೈರ್ಯ ಮುನಿರಾಮಪ್ಪನಿಗೆ ಜನ್ಮದಲ್ಲಿ ಇರಲಿಲ್ಲ. ಕಲ್ಲಿನ ಪಕ್ಕ ನಿಂತು, ಕಣ್ಣು ಮುಚ್ಚಿ, "ಕದಿರಪ್ಪಾ!" ಎಂದು ಕೂಗಿದ. ಉತ್ತರವಿಲ್ಲ. "ಕದಿರಪ್ಪಾ!" ಎಂದು ಎರಡನೆಯ ಸಲ ಕೂಗಿದ.

ಆ ಸೀಮೆಯಲ್ಲಿ ಹೆಣ ಹೊತ್ತುಕೊಂಡು ಹೋಗುವಾಗ ಅರ್ಧ ದಾರಿಯಲ್ಲಿ ಚಟ್ಟ ಕೆಳಗಿಳಿಸುತ್ತಾರೆ. ಹತ್ತಿರದವರು ಕಿವಿಯ ಹತ್ತಿರ ಬಗ್ಗಿ ಹೆಸರು ಹಿಡಿದು ಮೂರು ಸಲ ಕರೆಯುತ್ತಾರೆ. ಎಲ್ಲಾದರೂ ಜೀವ ಉಳಿದಿದ್ದು ಓಗೊಟ್ಟೀತು ಎಂಬ ಕೊನೆಯ ಆಸೆ. ಮೂರನೆಯ ಕೂಗಿಗೂ ಓ ಅನ್ನಲಿಲ್ಲ ಅಂದರೆ ಮುಗಿಯಿತು, ಎತ್ತಿಕೊಂಡು ನಡೆಯುವುದೇ. ಈಗ ಹೆಸರು ಬಿದ್ದ ಕಲ್ಲಿನ ಪಕ್ಕದಲ್ಲಿ ನಿಂತು ಒಬ್ಬ ಎರಡು ಸಲ ಕೂಗಿದರೆ ಮುದುಕನ ಗತಿ ಏನಾಗಬೇಕು ಹೇಳಿ!

"ಓ! ಓ! ಇದ್ದೀನಿ ಕಣ್ಲೋ! ಇನ್ನೊಂದು ಸಲ ಕೂಗ್ಬೇಡ್ವೋ ಪಾಪಿ!" ಎನ್ನುತ್ತಾ ಕದಿರಪ್ಪ ಜ್ವರದ ಹಾಸಿಗೆಯಿಂದೆದ್ದು, ಕಂಬಳಿ ಸಮೇತ ಬೀದಿಗೆ ಬಿದ್ದ. ಹಿಂದೆ ಅವನ ತಂಗಿ, ಮಗಳು. ಬೈರಮ್ಮ ತನ್ನ ಹೆಸರು ಮೊದಲನೆಯ ಸಲ ಬಂದಾಗಲೇ ಅರ್ಧ ದಾರಿ ಬಂದಾಗಿತ್ತು. ಆಮೇಲೆ ಬಾಗಿಲು ಬಾಗಿಲಿನಿಂದ ಮುದುಕರು ಕೋಲೂರುತ್ತಾ, ಬೈಯುತ್ತಾ, "ಓ! ಬಂದೆ! ಇದ್ದೀನಿ!" ಎಂದು ಕೈ ಎತ್ತಿ ತೋರಿಸುತ್ತಾ ನುಗ್ಗಿ ಬಂದರು. ಹೆಸರಿಲ್ಲದ ಭಾರತಮ್ಮ ಕೂಡ ಯಾವುದಕ್ಕೂ ಇರಲಿ ಎಂದು ದೂರದಿಂದಲೇ ಒಂದು ಓ ಹಾಕಿದಳು. ಪ್ರಧಾನರಿಗೆ ಇಂಥ ಹಾಜರಾತಿ ಯಾವ ಮೀಟಿಂಗಿನಲ್ಲೂ ಸಿಕ್ಕಿರಲಿಲ್ಲ. ಡಾಕ್ಟ್ರು ಕದಿರಪ್ಪನ ಕೈ ಹಿಡಿದು, ಜ್ವರ ಇದೆ, ಕೂತ್ಕೊಳ್ಳಿ ಎಂದರು.

"ಒಂದು ಹೆಸರು ಬಿಟ್ರಲ್ಲ, ಮೂರನೇದು?" ಪ್ರಧಾನರು ಕಲ್ಲು ನೋಡಿ ಕೇಳಿದರು. "ಚಿಕ್ಕಗಂಗಮ್ಮ. ಯಾರದು?"

"ನಮ್ಮವ್ವ" ಎಂದ ಮುನಿರಾಮಪ್ಪ. ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆದವನಲ್ಲ. ಆದರೆ ಇಷ್ಟು ಜನ ಓಡಿಬಂದರಲ್ಲ, ಕರೆದರೆ ಅವ್ವನೂ ಬಂದಾಳು ಅನ್ನಿಸಿತು. ನಾಲ್ಕು ಮನೆಯಾಚೆ ಅರ್ಧ ತೆರೆದಿದ್ದ ತನ್ನ ಬಾಗಿಲ ಕಡೆ ತಿರುಗಿ, "ಚಿಕ್ಕಗಂಗಮ್ಮಾ!" ಎಂದ.

ಬೀದಿ ಸುಮ್ಮನಿತ್ತು. ಉಬ್ಬಸ ಎಷ್ಟೇ ಇರಲಿ, ಕರೆದರೆ ಅವಳು ಚೊಂಬಾದರೂ ನೆಲಕ್ಕೆ ಕುಟ್ಟುತ್ತಿದ್ದಳು. "ಚಿಕ್ಕಗಂಗಮ್ಮಾ!" ಎಂದು ಮತ್ತೆ ಕೂಗಿದ. ಈ ಸಲ ಅವನ ದನಿ ಒಡೆದುಹೋಯಿತು. ಏನೂ ಇಲ್ಲ.

"ಇನ್ನೊಂದು ಸಲ ಕೂಗ್ರಿ, ಕೇಳ್ಸಿಲ್ಲ ಅನ್ಸುತ್ತೆ" ಎಂದರು ಪ್ರಧಾನರು.

"ಬೇಡ ಕಣ್ಲಾ!" ಕದಿರಪ್ಪ ಬಂದು ಮುನಿರಾಮಪ್ಪನ ಬಾಯಿಯನ್ನು ತನ್ನ ಸುಡುವ ಕೈಯಿಂದ ಮುಚ್ಚಿದ. "ಬೇಡ. ಮೂರನೇದು ಬೇಡ."

ಹಲ್ಲಿ, ಅಮೀನ, ಪ್ರಧಾನ, ರೈಲು, ಆ ಕ್ಷಣಕ್ಕೆ ಒಂದೂ ಮುನಿರಾಮಪ್ಪನ ಲೆಕ್ಕಕ್ಕಿರಲಿಲ್ಲ. ಮೇಜಿನ ಮೇಲಿದ್ದ ಡಾಕ್ಟ್ರ ಬ್ಯಾಗನ್ನು ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡು ಓಡಿದ. "ಏಯ್! ನನ್ನ ಬ್ಯಾಗು!" ಎಂದು ಡಾಕ್ಟ್ರು ಅವನ ಹಿಂದೆ ಓಡಿದರು. ಡಾಕ್ಟ್ರ ಹಿಂದೆ ಪ್ರಧಾನರು, ಪ್ರಧಾನರ ಹಿಂದೆ ಆರತಿ ತಟ್ಟೆಯ ಆದಿಲಕ್ಷ್ಮಮ್ಮ, ಅವಳ ಹಿಂದೆ ಕೋಲೂರಿಕೊಂಡು ಊರಿನ ಮುದುಕರೆಲ್ಲ.

ಚಿಕ್ಕಗಂಗಮ್ಮ ಕಂಬದ ಬುಡದಲ್ಲಿ ಜಾರಿ ಬಿದ್ದಿದ್ದಳು. ತುಟಿ ನೀಲಿಯಾಗಿತ್ತು, ಕಣ್ಣು ಮಾತ್ರ ತೆರೆದೇ ಇತ್ತು. ಡಾಕ್ಟ್ರು ಬೈಗುಳವನ್ನು ಬಾಯಲ್ಲೇ ನುಂಗಿ, ಬ್ಯಾಗು ಕಿತ್ತುಕೊಂಡು ಕೂತರು. ಸೂಜಿ ನೋಡಿದರೆ ಮೂರ್ಛೆ ಹೋಗುವ ಮುನಿರಾಮಪ್ಪ ಅವ್ವನ ತೋಳು ಹಿಡಿದು, ಸೂಜಿ ಒಳಗೆ ಹೋಗುವುದನ್ನು ಕಣ್ಣು ಮಿಟುಕಿಸದೆ ನೋಡಿದ. ಆಮೇಲೆ ಕಾಯುವುದು. ಬಾಗಿಲಲ್ಲಿ ಊರಿಗೆ ಊರೇ ನಿಂತಿತ್ತು, ಕೆಮ್ಮುವವರು ಕೂಡ ಕೆಮ್ಮು ತಡೆದು ನಿಂತಿದ್ದರು. ಬಹಳ ಹೊತ್ತಿನ ಮೇಲೆ ಆ ಎದೆಯೊಳಗೆ ಗುಯ್ಯ್ ಎಂದು ಒಂದು ಸದ್ದಾಯಿತು. ಇನ್ನೊಂದಾಯಿತು. ತುಟಿಗೆ ಬಣ್ಣ ಬರತೊಡಗಿತು.

"ಓ ಅಂದೆ ಕಣೋ" ಎಂದಳು ಚಿಕ್ಕಗಂಗಮ್ಮ, ಮಾತು ಮಾತಿಗೂ ಉಸಿರು ಎಳೆಯುತ್ತಾ. "ಎರಡು ಸಲಾನೂ ಓ ಅಂದೆ. ದನಿ ಆಚೆಗೆ ಬರ್ಲಿಲ್ಲ. ನಿಂಗೆ ಕೇಳಿಸ್ಲಿಲ್ವಾ?"

"ಇಲ್ಲ ಕಣವ್ವಾ."

"ಮತ್ತೆ ಮೂರನೇ ಸಲ ಯಾಕೆ ಕೂಗ್ಲಿಲ್ಲ?"

ಮುನಿರಾಮಪ್ಪ ಅವಳ ಕಾಲಿನ ಮೇಲೆ ತಲೆಯಿಟ್ಟು, ಊರವರೆಲ್ಲ ನೋಡುತ್ತಿದ್ದರೂ ಗೊಳೋ ಎಂದು ಅತ್ತುಬಿಟ್ಟ. "ಹೆದರಿಕೆ ಆಯ್ತು ಕಣವ್ವಾ."

ಮುದುಕಿ ಅವನ ತಲೆಯ ಮೇಲೆ ಕೈ ಇಟ್ಟಳು. ಬಾಗಿಲ ಕಡೆ ನೋಡಿದಳು. ಕದಿರಪ್ಪ ಕಂಬಳಿ ಹೊದ್ದು ನಡುಗುತ್ತಿದ್ದ, ಬೈರಮ್ಮ ಬಾಯಿಗೆ ಸೆರಗು ತುರುಕಿಕೊಂಡಿದ್ದಳು, ಪ್ರಧಾನರ ಪೇಟ ಓಟದಲ್ಲಿ ಬಿಚ್ಚಿಹೋಗಿತ್ತು. ಚಿಕ್ಕಗಂಗಮ್ಮ ಎದೆ ತುಂಬ ಒಂದು ಉಸಿರು ಎಳೆದುಕೊಂಡಳು.

"ಇದ್ದೀನಿ ಕಣ್ರೋ!" ಎಂದಳು ಗಟ್ಟಿಯಾಗಿ. "ಬಾಗಿಲಿಗೆ ಅಡ್ಡ ನಿಂತು ಗಾಳಿ ತಡೀಬೇಡಿ. ಹೋಗಿ ಚಾವಡಿ ಮುಂದೆ ಸಾಲಾಗಿ ನಿಂತ್ಕೊಳ್ಳಿ, ಡಾಕ್ಟ್ರಮ್ಮ ಬರ್ತಾರೆ."